ಸೇನಾ ನ್ಯಾಯ ಮತ್ತು ನಾಗರಿಕ ನ್ಯಾಯ: ಉಡುಪಿ ಜಿಲ್ಲೆಯ ನೆಲೆಯಲ್ಲಿ

ವ್ಯಾಪ್ತಿ
ಸೇನೆಗೆ ಸೇರಿದವರು ದೇಶದ ದಂಡಸಂಹಿತೆಯ ಜೊತೆಗೆ 1950ರ ಸೇನಾ ಕಾಯ್ದೆಗೂ ಒಳಪಡುತ್ತಾರೆ. ರಜೆಯಲ್ಲಿ ಕಾರ್ಕಳದ ಮನೆಗೆ ಬಂದಾಗಲೂ ಈ ಕಾಯ್ದೆ ಅವರನ್ನು ಬಿಡುವುದಿಲ್ಲ. ಆದರೆ ಸಮವಸ್ತ್ರ, ಬಂದೂಕು ಇದ್ದವರೆಲ್ಲ ಸೈನಿಕರಲ್ಲ. ಕಾಪು ಕಡಲಲ್ಲಿ ದೋಣಿ ತಡೆಯುವ ಕೋಸ್ಟ್ ಗಾರ್ಡ್‌ಗೆ 1978ರ ಪ್ರತ್ಯೇಕ ಕಾಯ್ದೆ, ತನ್ನದೇ ನ್ಯಾಯಾಲಯಗಳಿವೆ; ಕರಾವಳಿ ಕಾವಲು ಪೊಲೀಸರಿಗೆ ಅವಿಲ್ಲ. ಕಾರ್ಕಳವನ್ನು ಕೇಂದ್ರ ಮಾಡಿಕೊಂಡಿದ್ದ ನಕ್ಸಲ್ ನಿಗ್ರಹ ಪಡೆಯೂ ಪೊಲೀಸ್ ಪಡೆಯೇ. 2024ರ ನವೆಂಬರಿನಲ್ಲಿ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತಂಥ ಎನ್‌ಕೌಂಟರ್‌ಗಳಿಗೆ ಆ ಪಡೆ ಉತ್ತರಿಸಬೇಕಾದದ್ದು ಸಾಮಾನ್ಯ ನ್ಯಾಯಾಲಯಗಳಿಗೆ.

ಯಾರ ವಿಚಾರಣೆ ಎಲ್ಲಿ
ರಜೆಯಲ್ಲಿ ಊರಿಗೆ ಬಂದ ಯೋಧನ ಮೇಲೆ ನಾಗರಿಕರ ಕೊಲೆ ಅಥವಾ ಅತ್ಯಾಚಾರದ ಆರೋಪ ಬಂದರೆ, ಸೇನಾ ಕಾಯ್ದೆಯ 70ನೇ ಕಲಮಿನ ಪ್ರಕಾರ ವಿಚಾರಣೆ ಸಾಮಾನ್ಯವಾಗಿ ಉಡುಪಿಯ ಸೆಷನ್ಸ್ ನ್ಯಾಯಾಲಯದ್ದು. ಸಕ್ರಿಯ ಸೇವೆ, ವಿದೇಶ, ಸರ್ಕಾರ ಗುರುತಿಸಿದ ಗಡಿಠಾಣೆ, ಇವು ಅದಕ್ಕೆ ಅಪವಾದ. ಕಳವು, ಹೊಡೆದಾಟದಂಥವುಗಳಲ್ಲಿ ಆಯ್ಕೆ ಮೊದಲು ಸೇನಾಧಿಕಾರಿಯದು (ಕಲಮು 125). ನ್ಯಾಯಾಲಯ ಒಪ್ಪದಿದ್ದರೆ ತೀರ್ಮಾನ ಕೇಂದ್ರ ಸರ್ಕಾರದ್ದು.

ಸಮರಿ ಕೋರ್ಟ್ ಮಾರ್ಷಲ್
ಎರಡು ವ್ಯವಸ್ಥೆಗಳ ನಡುವಿನ ನಿಜವಾದ ಅಂತರ ಕಾಣುವುದು ಇಲ್ಲಿ. ಜನರಲ್ ಕೋರ್ಟ್ ಮಾರ್ಷಲ್ ಎಂಬ ಸೇನಾ ನ್ಯಾಯಾಲಯದಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕೂರುತ್ತಾರೆ, ಕಾನೂನು ಬಲ್ಲ ಜಡ್ಜ್ ಅಡ್ವೊಕೇಟ್ ಜೊತೆಗಿರುತ್ತಾರೆ, ಮರಣದಂಡನೆಗೆ ಮೂರನೇ ಎರಡು ಮತ ಬೇಕು, ಮೇಲಧಿಕಾರಿ ದೃಢೀಕರಿಸುವವರೆಗೆ ತೀರ್ಪು ತೀರ್ಪಲ್ಲ. ಸಮರಿಯಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಹಾಜರಿರುತ್ತಾರೆ, ಆದರೆ ಮತ ಹಾಕುವುದಿಲ್ಲ. ಆರೋಪವನ್ನು ಮೊದಲು ಆಲಿಸಿದವರೇ ಸಾಕ್ಷಿಗಳನ್ನೂ ಕೇಳಿ, ಶಿಕ್ಷೆಯನ್ನೂ ವಿಧಿಸಬಹುದು. ಆರೋಪಿಯ ಪಕ್ಕದಲ್ಲಿರುವುದು ಆತನ ಪರ ವಾದಿಸುವ ವಕೀಲರಲ್ಲ, ‘ಆರೋಪಿಯ ಮಿತ್ರ’. ಅವರು ಸಲಹೆ ಕೊಡಬಹುದೇ ಹೊರತು ಪಾಟೀಸವಾಲು ಮಾಡುವಂತಿಲ್ಲ. ಲೆಫ್ಟಿನೆಂಟ್ ಕರ್ನಲ್ ಮತ್ತು ಮೇಲಿನ ದರ್ಜೆಯವರು 1 ವರ್ಷದವರೆಗೆ, ಕೆಳಗಿನವರು 3 ತಿಂಗಳವರೆಗೆ ಸೆರೆ ವಿಧಿಸಬಹುದು. ದೃಢೀಕರಣ ಬೇಕಿಲ್ಲ, ಶಿಕ್ಷೆ ಸಾಮಾನ್ಯವಾಗಿ ಕೂಡಲೇ ಜಾರಿ. ಯುದ್ಧಭೂಮಿಯಲ್ಲಿ ಇದಕ್ಕೆ ಸಮರ್ಥನೆ ಇದೆ. ಶಾಂತಿಕಾಲದ ಕಂಟೋನ್ಮೆಂಟಿನಲ್ಲಿ ಆ ಸಮರ್ಥನೆ ದುರ್ಬಲ ಎಂಬುದು ಈ ಲೇಖಕರ ಅಭಿಪ್ರಾಯ. ಸಮರಿಯಲ್ಲಿ ಸೇವೆಯಿಂದ ವಜಾಗೊಂಡವನು ನೌಕರಿಯ ಜೊತೆಗೆ ಬಹುತೇಕ ಪಿಂಚಣಿಯನ್ನೂ ಕಳೆದುಕೊಳ್ಳುತ್ತಾನೆ.

ಮೇಲ್ಮನವಿ
ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂಸತ್ತಿಗೆ ಅಧಿಕಾರ ನೀಡಿದೆ. ಕೋರ್ಟ್ ಮಾರ್ಷಲ್ ವಿರುದ್ಧ ಒಂದಾದರೂ ಮೇಲ್ಮನವಿ ಇಲ್ಲದಿರುವುದನ್ನು ಸುಪ್ರೀಂ ಕೋರ್ಟ್ 1982ರ ಪೃಥಿಪಾಲ್ ಸಿಂಗ್ ಪ್ರಕರಣದಲ್ಲಿ ಕಟುವಾಗಿ ಟೀಕಿಸಿತು. ಇಂಥ ಮೇಲ್ಮನವಿಗಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಆರಂಭಿಸಿದ್ದು 2009ರಲ್ಲಿ. ಉಡುಪಿಗೆ ಅತಿ ಹತ್ತಿರದ ಪೀಠ ಇರುವುದು ಕೊಚ್ಚಿಯಲ್ಲಿ. ಸಮರಿ ಶಿಕ್ಷೆಗಳಲ್ಲಿ ವಜಾ ಅಥವಾ 3 ತಿಂಗಳು ಮೀರಿದ ಸೆರೆಯನ್ನು ಅಲ್ಲಿ ಪ್ರಶ್ನಿಸಬಹುದು. ಮಂಡಳಿಯ ಆದೇಶದ ವಿರುದ್ಧವೂ ಹೈಕೋರ್ಟಿನ ರಿಟ್ ಅಧಿಕಾರ ಉಳಿದಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು.