‘ಐ7, 16 ಜಿಬಿ ರ‍್ಯಾಮ್, ಎಲ್ಲ ಗೇಮ್ ಓಡುತ್ತೆ’: ಮೊದಲ ಗೇಮಿಂಗ್ ಪಿಸಿ ಜೋಡಿಸುವ ಮುನ್ನ ಇದನ್ನು ಓದಿ

ಸಾರಾಂಶ

ಅಗ್ಗದ ಗೇಮಿಂಗ್ ಕಂಪ್ಯೂಟರ್ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಜಾಹೀರಾತುಗಳಲ್ಲಿ ಎಷ್ಟೋ ಬಾರಿ ಸುಳ್ಳು ಇರುವುದಿಲ್ಲ. ಆದರೆ ಮುಖ್ಯವಾದ ಮೂರು ವಿಷಯಗಳು ಕಾಣೆಯಾಗಿರುತ್ತವೆ: ಪ್ರೊಸೆಸರ್ ಯಾವ ತಲೆಮಾರಿನದು, ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರೇನು, ಎಸ್‌ಎಂಪಿಎಸ್ ಯಾವುದು. ಈ ಮೂರನ್ನು ಕೇಳದೆ ಹಣ ಕೊಡಬೇಡಿ.

ಫಾರ್ವರ್ಡ್‌ನಲ್ಲಿ ಏನಿರುತ್ತದೆ?

“ಇಂಟೆಲ್ ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪಗಳ ಕ್ಯಾಬಿನೆಟ್. ಎಲ್ಲ ಗೇಮ್ ಓಡುತ್ತೆ. ಇವತ್ತೇ ಬುಕ್ ಮಾಡಿ.” ಜೊತೆಗೆ ಮಿಂಚುವ ಪೆಟ್ಟಿಗೆಯ ಫೋಟೊ, ನಂಬಲಾರದಷ್ಟು ಕಡಿಮೆ ಬೆಲೆ. ಪಿಯುಸಿ ಮುಗಿಸಿದ ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಬೇಕೆಂದಿರುವ ಮನೆಗಳಿಗೆ ಇಂಥ ಸಂದೇಶ ಬೇಗ ತಲುಪುತ್ತದೆ. ಮೊಬೈಲ್ ಕೊಳ್ಳುವಾಗ ಜಿಬಿ ಲೆಕ್ಕ ನೋಡಿ ಅಭ್ಯಾಸವಾದ ನಮಗೆ ಇಲ್ಲೂ ದೊಡ್ಡ ಸಂಖ್ಯೆಯೇ ಕಣ್ಣಿಗೆ ಬೀಳುತ್ತದೆ. ಒಂದೊಂದಾಗಿ ನೋಡೋಣ.

ಐ3ಗಿಂತ ಐ7 ಯಾವಾಗಲೂ ವೇಗವೇ?

ಇಲ್ಲ. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ದರ್ಜೆ ಮಾತ್ರ. ಐ7 ಹೆಸರು 2008ರಿಂದಲೂ ಇದೆ. 2011ರಲ್ಲಿ ಬಂದ ಐ7-2600ಕ್ಕೂ 2022ರಲ್ಲಿ ಬಂದ ಐ3-12100ಕ್ಕೂ ನಾಲ್ಕೇ ಕೋರ್‌ಗಳಿವೆ. ಆದರೆ ಹೊಸ ಐ3 ಆ ಹಳೆಯ ಐ7 ಅನ್ನು ಬಹಳ ಹಿಂದೆ ಹಾಕುತ್ತದೆ.

ತಲೆಮಾರು ಗುರುತಿಸುವುದು ಸುಲಭ. ಇಂತಹ ಹೆಸರಿನ ಕೊನೆಯ ಮೂರು ಅಂಕಿ ಬಿಟ್ಟು ಮುಂದಿನದನ್ನು ಓದಿ. 2600 ಅಂದರೆ ಎರಡನೇ ತಲೆಮಾರು, 3770 ಅಂದರೆ ಮೂರನೆಯದು, 12100 ಅಂದರೆ ಹನ್ನೆರಡನೆಯದು. ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಕಾಣದು.

ಹಳೆಯ ಪ್ರೊಸೆಸರ್‌ನಿಂದ ಇನ್ನೊಂದು ತೊಂದರೆಯಿದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಆದರೆ ವ್ಯಾಲೊರಂಟ್‌ನಂಥ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡನ್ನೂ ಕೇಳುತ್ತದೆ. ಇಲ್ಲದಿದ್ದರೆ ಗೇಮ್ ತೆರೆಯುವುದೇ ಇಲ್ಲ. ಯಾವ ಗೇಮ್‌ಗಾಗಿ ಪಿಸಿ ಕೊಂಡಿರೋ ಅದೇ ಆಡಲಾಗದಿದ್ದರೆ ಅಗ್ಗವಾದರೂ ಏನು ಬಂತು?

4 ಜಿಬಿ ಗ್ರಾಫಿಕ್ಸ್ ಕಾರ್ಡ್ ಸಾಕೇ?

ಈ ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಪ್ರಶ್ನೆಯೇ ಅರ್ಧ. ಕಾರ್ಡಿನ ಜಿಬಿ ಅಂದರೆ ಅಡುಗೆಮನೆಯ ಕಟ್ಟೆಯ ಹಾಗೆ. ಕಟ್ಟೆ ಅಗಲವಾಗಿದ್ದರೆ ಹೆಚ್ಚು ಸಾಮಾನು ಇಡಬಹುದು, ಅಷ್ಟಕ್ಕೇ ಅಡುಗೆ ಬೇಗ ಆಗುವುದಿಲ್ಲ. ಒಲೆ ಎಷ್ಟಿವೆ ಎಂಬುದು ಮುಖ್ಯ.

2014ರ ಜಿಟಿ 730 ಕಾರ್ಡ್ 4 ಜಿಬಿಯಲ್ಲಿ ಸಿಗುತ್ತದೆ. 2019ರ ಜಿಟಿಎಕ್ಸ್ 1650 ಕೂಡ 4 ಜಿಬಿಯದೇ. ಮೊದಲನೆಯದರಲ್ಲಿ ಲೆಕ್ಕ ಮಾಡುವ ಘಟಕಗಳು ಹೆಚ್ಚೆಂದರೆ 384, ಎರಡನೆಯದರಲ್ಲಿ 896, ಅವೂ ಹೊಸ ವಿನ್ಯಾಸದವು. ಜಾಹೀರಾತಿನಲ್ಲಿ ಎರಡೂ “4 ಜಿಬಿ ಕಾರ್ಡ್” ಎಂದೇ ಬರುತ್ತವೆ.

ಒಂದೇ ಹೆಸರಿನಲ್ಲೂ ವ್ಯತ್ಯಾಸ ಇರುತ್ತದೆ. ಜಿಟಿ 1030 ಕಾರ್ಡಿನಲ್ಲಿ ಎರಡು ಬಗೆ: ಒಂದರ ಮೆಮೊರಿ ಸೆಕೆಂಡಿಗೆ 48 ಜಿಬಿ ಮಾಹಿತಿ ಸಾಗಿಸಿದರೆ ಇನ್ನೊಂದರದು ಸುಮಾರು 17 ಜಿಬಿ ಮಾತ್ರ. ಆರ್‌ಎಕ್ಸ್ 580ರಲ್ಲಿ 2304 ಘಟಕಗಳಿದ್ದರೆ, ‘2048ಎಸ್‌ಪಿ’ ಎಂಬ ಬಾಲವಿರುವ ಆರ್‌ಎಕ್ಸ್ 580ರಲ್ಲಿ 2048 ಮಾತ್ರ. ಆನ್‌ಲೈನ್ ಪುಟದಲ್ಲಿ ಆ ಬಾಲ ಕಾಣದೇ ಹೋಗಬಹುದು.

ಪೂರಾ ನಕಲಿಯೂ ಉಂಟು. ಹಳೆಯ ಕಾರ್ಡಿನೊಳಗಿನ ಸಾಫ್ಟ್‌ವೇರ್ ತಿದ್ದಿ, ಜಿಟಿಎಕ್ಸ್ 1050 ಟಿಐ ಎಂದು ಹೆಸರು ತೋರಿಸುವಂತೆ ಮಾಡಿರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಹಲವು ಕಾರ್ಡ್‌ಗಳನ್ನು ಪತ್ತೆಹಚ್ಚಿ ‘ಫೇಕ್’ ಎಂದು ತೋರಿಸುತ್ತದೆ. ಹಳೆಯ ಕಾರ್ಡ್ ಕೊಳ್ಳುವುದಾದರೆ ಹಣ ಕೊಡುವ ಮೊದಲು ಮಾರುವವರ ಎದುರೇ ಅದನ್ನು ಓಡಿಸಿ ನೋಡಿ.

ಹಾಗಾದರೆ ಆಯ್ಕೆ ಎಲ್ಲಿಂದ ಶುರು ಮಾಡಬೇಕು?

ಗೇಮ್ ಮತ್ತು ಮಾನಿಟರ್‌ನಿಂದ. ಯಾವ ಗೇಮ್ ಆಡುತ್ತೀರಿ ಎಂದು ಮೊದಲು ಪಟ್ಟಿ ಮಾಡಿ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸುತ್ತದೆ. ಅದಕ್ಕೆ 200 ಚಿತ್ರ ಕೊಡುವ ದುಬಾರಿ ಕಾರ್ಡ್ ಹಾಕಿದರೆ ಬಹುಪಾಲು ಹಣ ವ್ಯರ್ಥ.

ಹಗುರವಾದ ಗೇಮ್‌ಗಳಷ್ಟೇ ಸಾಕು ಎನ್ನುವವರು ಸದ್ಯಕ್ಕೆ ಕಾರ್ಡ್ ಇಲ್ಲದೆಯೂ ಶುರು ಮಾಡಬಹುದು. ರೈಜೆನ್ 5 5600ಜಿ ತರಹದ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರುತ್ತದೆ; ಮುಂದೆ ಹಣ ಕೂಡಿದಾಗ ಕಾರ್ಡ್ ಸೇರಿಸಿದರಾಯಿತು. ಭಾರಿ ಗೇಮ್ ಬೇಕೆಂದರೆ ಬಜೆಟ್‌ನ ಅತಿದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಇಡಿ. ಪ್ರೊಸೆಸರ್‌ಗೆ ಎಲ್ಲ ಸುರಿದು ಕಾರ್ಡಿಗೆ ಚಿಲ್ಲರೆ ಉಳಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಎಸ್‌ಎಂಪಿಎಸ್ ಯಾವುದಾದರೂ ಆಗುತ್ತದೆಯೇ?

ಆಗುವುದಿಲ್ಲ. “ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ” ಎಂದರೆ ಎಚ್ಚರ. ಇಡೀ ಪಿಸಿಗೆ ವಿದ್ಯುತ್ ಹಂಚುವುದು ಇದೇ. ಕಳಪೆಯದು ಕೆಟ್ಟರೆ ತಾನೊಂದೇ ಹೋಗುವುದಿಲ್ಲ. ಮದರ್‌ಬೋರ್ಡ್, ಕಾರ್ಡ್‌ಗಳನ್ನೂ ಸುಟ್ಟುಹಾಕಬಹುದು.

ಮೇಲೆ ಬರೆದ ವ್ಯಾಟ್ ಅನ್ನಷ್ಟೇ ನಂಬಬೇಡಿ. ಪ್ರೊಸೆಸರ್ ಮತ್ತು ಕಾರ್ಡ್ ಬಳಸುವುದು ಮುಖ್ಯವಾಗಿ 12 ವೋಲ್ಟ್ ಸಾಲಿನ ವಿದ್ಯುತ್ತನ್ನು. ಪಕ್ಕದ ಲೇಬಲ್‌ನಲ್ಲಿ ಆ ಸಾಲಿಗೆ ಎಷ್ಟು ಆಂಪ್ ಎಂದು ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಿ. ‘450 ವ್ಯಾಟ್’ ಎಂಬ ಡಬ್ಬಿಯ ಲೇಬಲ್‌ನಲ್ಲಿ 18 ಆಂಪ್ ಎಂದಿದ್ದರೆ, ಗೇಮಿಂಗ್‌ಗೆ ಸಿಗುವುದು 216 ವ್ಯಾಟ್ ಮಾತ್ರ.

ಹಾಗೆಂದು 1000 ವ್ಯಾಟ್‌ನದೂ ಬೇಕಿಲ್ಲ. ಐ5-12400ಎಫ್ ಪ್ರೊಸೆಸರ್ ಗರಿಷ್ಠ 117 ವ್ಯಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್. ಫ್ಯಾನ್, ಡಿಸ್ಕ್ ಎಲ್ಲ ಸೇರಿದರೂ ಸುಮಾರು 300. ಈ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವುದು 550 ವ್ಯಾಟ್. ‘80 ಪ್ಲಸ್’ ಗುರುತು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂದು ಹೇಳುತ್ತದೆ. ಅದು ಸುರಕ್ಷತೆಯ ಖಾತರಿಯಲ್ಲ. ವಾರಂಟಿ ಎಷ್ಟು ವರ್ಷ ಎಂಬುದನ್ನೂ ನೋಡಿ.

ಹೆಚ್ಚು ವ್ಯಾಟ್‌ನ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆಯೇ?

ಇದೂ ತಪ್ಪು ಕಲ್ಪನೆ. ದೊಡ್ಡ ಟ್ಯಾಂಕ್ ಇಟ್ಟರೆ ನೀರಿನ ಖರ್ಚು ಹೆಚ್ಚುವುದಿಲ್ಲವಲ್ಲ, ಹಾಗೆ. ಪಿಸಿ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. 300 ವ್ಯಾಟ್‌ನಂತೆ ದಿನಕ್ಕೆ ಮೂರು ಗಂಟೆ ಆಡಿದರೆ 0.9 ಯೂನಿಟ್, ತಿಂಗಳಿಗೆ 27 ಯೂನಿಟ್. ಮಾನಿಟರ್ ಲೆಕ್ಕ ಬೇರೆ. ಬಿಲ್‌ಗಿಂತ ಮುಖ್ಯವಾದದ್ದು ಮನೆಯ ಅರ್ಥಿಂಗ್. ಮೂರು ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ, ಎಲೆಕ್ಟ್ರಿಶಿಯನ್ ಕರೆದು ಪರೀಕ್ಷಿಸಿ.

ರ‍್ಯಾಮ್, ಮದರ್‌ಬೋರ್ಡ್ ವಿಷಯದಲ್ಲಿ ಏನು ನೋಡಬೇಕು?

16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಸಾಮಾನ್ಯವಾಗಿ ಒಳ್ಳೆಯದು, ಮಾಹಿತಿ ಎರಡು ದಾರಿಯಲ್ಲಿ ಓಡಾಡುತ್ತದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಡಿಡಿಆರ್4 ರ‍್ಯಾಮ್ ಡಿಡಿಆರ್5 ಜಾಗದಲ್ಲಿ ಕೂರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿರುವುದರಿಂದ, ಹಳೆಯ ವಿಡಿಯೊ ನೋಡಿ ಬಜೆಟ್ ಹಾಕಬೇಡಿ.

ಮದರ್‌ಬೋರ್ಡಿನ ಸಾಕೆಟ್ ಪ್ರೊಸೆಸರ್‌ಗೆ ಹೊಂದಬೇಕು. ರೈಜೆನ್ 5 5600ಜಿಗೆ ಎಎಂ4, ಡೆಸ್ಕ್‌ಟಾಪ್ ರೈಜೆನ್ 7000 ಸರಣಿಗೆ ಎಎಂ5, ಇಂಟೆಲ್ 12ರಿಂದ 14ನೇ ತಲೆಮಾರಿಗೆ ಎಲ್‌ಜಿಎ 1700. ಜಾಹೀರಾತಿನಲ್ಲಿ ‘ಹೊಸ ಎಚ್61 ಬೋರ್ಡ್’ ಎಂದಿದ್ದರೆ ಬೋರ್ಡ್ ಹೊಸದಿರಬಹುದು, ತಂತ್ರಜ್ಞಾನ 2011ರದು.

ನೀರಿನ ಕೂಲರ್, ಬಣ್ಣದ ದೀಪ ಬೇಕೇ?

ಸಾಧಾರಣ ಗೇಮಿಂಗ್ ಪಿಸಿಗೆ ಬೇಡ. ಗಾಳಿಯ ಕೂಲರ್ ಸಾಕು. ದೀಪದಿಂದ ಗೇಮ್ ವೇಗವಾಗುವುದಿಲ್ಲ. ಆ ಹಣ ಎಸ್‌ಎಸ್‌ಡಿಗೆ ಹಾಕಿ: ಅದೂ ಚಿತ್ರಗಳ ಸಂಖ್ಯೆ ಹೆಚ್ಚಿಸುವುದಿಲ್ಲ, ಆದರೆ ವಿಂಡೋಸ್ ಮತ್ತು ಗೇಮ್ ತೆರೆಯಲು ಕಾಯುವುದು ತಪ್ಪುತ್ತದೆ.

ಎಲ್ಲ ಸರಿಯಾಗಿ ಕೊಂಡ ಮೇಲೂ ಒಂದು ತಪ್ಪಾಗಬಹುದು. ನಮ್ಮಲ್ಲೊಬ್ಬರು ತಮ್ಮ ಮೊದಲ ಪಿಸಿಯ ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿ, ಹೊಸ ಕಾರ್ಡ್ ಕೆಟ್ಟಿದೆಯೆಂದು ಒಂದು ವಾರ ಕೊರಗಿದ್ದರು. ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಅಂಗಡಿಯಲ್ಲಿ ಏನು ಕೇಳಬೇಕು?

ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ನಿಮ್ಮೂರಿನ ಅಂಗಡಿಯಾಗಲಿ, ಆನ್‌ಲೈನ್ ಆಗಲಿ, ಪ್ರಶ್ನೆಗಳು ಇವೇ:

• ಪ್ರತಿಯೊಂದು ಭಾಗದ ಕಂಪನಿ ಮತ್ತು ಪೂರ್ತಿ ಮಾದರಿ ಹೆಸರು ಬರೆದ ಕೊಟೇಶನ್ ಕೊಡಿ.
• ಯಾವುದು ಹೊಸದು, ಯಾವುದು ಬಳಸಿದ್ದು?
• ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಹಾಕುತ್ತೀರಾ?
• ವಾರಂಟಿ ಕಂಪನಿಯದೋ, ಅಂಗಡಿಯದೋ? ಸರ್ವಿಸ್ ಸೆಂಟರ್ ಎಲ್ಲಿದೆ?
• ನನ್ನ ಗೇಮ್ ಇಲ್ಲೇ ಓಡಿಸಿ ತೋರಿಸುತ್ತೀರಾ?

ತೀರ್ಮಾನ

“ಐ7, 16 ಜಿಬಿ” ಎಂಬ ಎರಡು ಪದಗಳಿಂದ ಒಂದು ಪಿಸಿ ಹೊಸ ಗೇಮ್ ಓಡಿಸುತ್ತದೋ ಇಲ್ಲವೋ ಹೇಳಲಾಗದು. ಆದ್ದರಿಂದ ಈ ಬಗೆಯ ಸಂದೇಶಗಳು ದಾರಿ ತಪ್ಪಿಸುವಂಥವು. ಬಳಸಿದ ಭಾಗ ಕೊಳ್ಳುವುದು ತಪ್ಪಲ್ಲ, ಏನು ಕೊಳ್ಳುತ್ತಿದ್ದೇವೆ ಎಂದು ತಿಳಿಯದೆ ಕೊಳ್ಳುವುದು ತಪ್ಪು. ಮುಂದಿನ ಸಲ ಇಂಥ ಜಾಹೀರಾತು ಗ್ರೂಪ್‌ಗೆ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಒಂದೇ ಸಾಲಿನಲ್ಲಿ ಕೇಳಿ: “ಪ್ರೊಸೆಸರ್, ಕಾರ್ಡ್, ಎಸ್‌ಎಂಪಿಎಸ್, ಮೂರರ ಪೂರ್ತಿ ಮಾದರಿ ಹೆಸರು ಕಳಿಸಿ.” ಉತ್ತರ ಬರದಿದ್ದರೆ ಹಣ ಕಳಿಸಬೇಡಿ.