ಅಂತರಜಾಲದಲ್ಲಿ ಕಿರುಕುಳ: ಯಾವುದು ಅಪರಾಧ, ಯಾವುದು ಅಲ್ಲ?

ಅಂತರಜಾಲದಲ್ಲಿ ಬೆದರಿಕೆ, ಅಶ್ಲೀಲ ನಿಂದನೆ ಅಥವಾ ಕಿರುಕುಳಕ್ಕೆ ಗುರಿಯಾದವರು ಪೊಲೀಸರ ಮೊರೆ ಹೋಗಬಹುದು. ಆದರೆ ಮನನೋಯಿಸುವ ಮಾತೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಅಪರಾಧವಲ್ಲ. ಈ ವ್ಯತ್ಯಾಸ ತಿಳಿಯದ ದೂರುಗಳು ಠಾಣೆಯ ಹಂತದಲ್ಲೇ ಬಿದ್ದುಹೋಗುವ ಅಪಾಯವಿದೆ.

ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಎ ಕಲಂ, ಕಿರಿಕಿರಿ ಉಂಟುಮಾಡುವ ಸಂದೇಶಗಳನ್ನೂ ಶಿಕ್ಷಾರ್ಹಗೊಳಿಸಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ ಬರಹವೊಂದರ ಸಂಬಂಧ ಇಬ್ಬರು ಯುವತಿಯರ ಬಂಧನವಾದ ಬಳಿಕ ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ವಾಕ್ ಸ್ವಾತಂತ್ರ್ಯಕ್ಕೆ ಮಾರಕವೆಂದು ನ್ಯಾಯಾಲಯ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಈ ಕಲಮನ್ನು ರದ್ದುಪಡಿಸಿತು. ಆನಂತರವೂ ಅದರಡಿ ಮೊಕದ್ದಮೆಗಳು ದಾಖಲಾಗುತ್ತಿದ್ದುದರಿಂದ, ಯಾರನ್ನೂ ಅದರಡಿ ವಿಚಾರಣೆಗೆ ಗುರಿಪಡಿಸಕೂಡದೆಂದು 2022ರ ಅಕ್ಟೋಬರ್‌ನಲ್ಲಿ ಮತ್ತೆ ಆದೇಶಿಸಬೇಕಾಯಿತು.

ಹಾಗೆಂದು ಸಂತ್ರಸ್ತರು ನಿರಾಯುಧರಲ್ಲ. ಅದೇ ಕಾಯಿದೆಯ 67ನೇ ಕಲಂ ಅಶ್ಲೀಲ ಪ್ರಕಟಣೆಗೆ ಮೊದಲ ಬಾರಿಗೆ 3 ವರ್ಷದವರೆಗೆ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮಹಿಳೆಯೊಬ್ಬರ ಬಗ್ಗೆ ಯಾಹೂ ಗುಂಪಿನಲ್ಲಿ ಅಶ್ಲೀಲ ಸಂದೇಶ ಹಾಕಿದ್ದ ವ್ಯಕ್ತಿಗೆ 2004ರಲ್ಲೇ ಚೆನ್ನೈ ನ್ಯಾಯಾಲಯ ಈ ಕಲಮಿನಡಿ ಶಿಕ್ಷೆ ನೀಡಿತ್ತು. ಒಪ್ಪಿಗೆಯಿಲ್ಲದೆ ಗುಪ್ತಾಂಗದ ಚಿತ್ರ ತೆಗೆಯುವುದು, ಹರಡುವುದು 66ಇ ಕಲಮಿನಡಿ ಅಪರಾಧ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ, ಮಹಿಳೆಯ ಅಂತರಜಾಲ ಬಳಕೆಯ ಮೇಲೆ ಕಣ್ಣಿಡುವುದನ್ನೂ, ಆಕೆ ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದನ್ನೂ ಹಿಂಬಾಲಿಕೆ ಎಂದು ಪರಿಗಣಿಸುತ್ತದೆ. ಪುರುಷರಿಗೆ ಈ ರಕ್ಷಣೆ ಇಲ್ಲ. ಆದರೆ ಬೆದರಿಕೆಗೆ ಸಂಬಂಧಿಸಿದ 351ನೇ ಕಲಂ ಎಲ್ಲರಿಗೂ ಅನ್ವಯಿಸುತ್ತದೆ. ಅನಾಮಧೇಯ ಸಂದೇಶದ ಮೂಲಕ ಬೆದರಿಸಿದವರಿಗೆ 2 ವರ್ಷದವರೆಗೆ ಹೆಚ್ಚುವರಿ ಸೆರೆವಾಸಕ್ಕೆ ಅವಕಾಶವಿದೆ. ಮಾನಹಾನಿಗೆ ಮಾತ್ರ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬೇಕು.

ಸಾಕ್ಷ್ಯವೇ ಇಂತಹ ಪ್ರಕರಣಗಳ ಜೀವಾಳ. ಸಂದೇಶವನ್ನು ಅಳಿಸದೆ, ಖಾತೆಯ ವಿಳಾಸ, ದಿನಾಂಕ, ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದಿಡಬೇಕು. ಮೂಲ ಫೋನನ್ನೂ ಕಾಯ್ದಿರಿಸಬೇಕು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅಗತ್ಯ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಸಲ್ಲಿಸಬಹುದು. ಗಂಭೀರ ಅಪರಾಧದ ಮಾಹಿತಿಯನ್ನು ವ್ಯಾಪ್ತಿಯ ನೆಪವೊಡ್ಡಿ ಯಾವ ಠಾಣೆಯೂ ನಿರಾಕರಿಸುವಂತಿಲ್ಲ.

ದೂರಿನಲ್ಲಿ ‘ಅವಮಾನವಾಯಿತು’ ಎಂದಷ್ಟೇ ಬರೆದರೆ ಸಾಲದು. ಯಾರು, ಎಂದು, ಏನು ಮಾಡಿದರು ಎಂಬ ವಿವರವಿದ್ದರೆ ಮಾತ್ರ ಕಾನೂನಿನ ಕೈ ಅಪರಾಧಿಯನ್ನು ಮುಟ್ಟೀತು.