ಯೆರೆಮೀಯನ ಎಚ್ಚರಿಕೆಯೂ ಇತಿಹಾಸದ ಸಾಕ್ಷ್ಯವೂ

ದೇವಾಲಯವೊಂದು ನೂರು ವರ್ಷ ತುಂಬಿ ನಿಂತಾಗ ಅದರ ಗೋಡೆ ಗೋಪುರಗಳನ್ನು ಕಂಡು ನಮ್ಮ ಹೃದಯ ಹಿಗ್ಗುವುದು ಸಹಜ. ಈ ಹಿಗ್ಗಿನ ಹೊತ್ತಿನಲ್ಲಿಯೇ ಪವಿತ್ರ ಬೈಬಲಿನ ಒಂದು ಕಠಿಣ ಅಧ್ಯಾಯವನ್ನು ನಾವು ಸ್ಮರಿಸುವುದು ಉಚಿತ. ಆಲಯದ ಮೇಲಣ ಅಭಿಮಾನವೇ ಒಂದು ಜನಾಂಗದ ಕಣ್ಣನ್ನು ಹೇಗೆ ಕಟ್ಟಿತೆಂಬುದನ್ನು ಅದು ತಿಳಿಸುತ್ತದೆ.

ಪ್ರವಾದಿಯೆಂದರೆ ಮುಂದಾಗುವುದನ್ನು ಎಣಿಸಿ ಹೇಳುವ ಜೋಯಿಸನೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅದು ಸರಿಯಲ್ಲ. ಪ್ರವಾದಿಯು ದೇವರ ಪರವಾಗಿ ಮಾತನಾಡುವವನು. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ತೆಕೋವದ ಕುರುಬ ಆಮೋಸನು ಉತ್ತರದ ಇಸ್ರಯೇಲ್ ರಾಜ್ಯಕ್ಕೆ ಹೋಗಿ, ಬಡವರನ್ನು ತುಳಿದು ಉತ್ಸವ ನಡೆಸುವವರಿಗೆ ಸೆರೆವಾಸ ತಪ್ಪದೆಂದು ಸಾರಿದನು. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯರು ರಾಜಧಾನಿ ಸಮಾರಿಯವನ್ನು ಹಿಡಿದರು. ಅಲ್ಲಿಂದ 27,290 ಮಂದಿಯನ್ನು ಸಾಗಿಸಿದುದಾಗಿ ಸರ್ಗೋನ್ ಅರಸನು ತನ್ನ ಶಾಸನದಲ್ಲಿ ಬರೆಯಿಸಿದ್ದಾನೆ.

ದಕ್ಷಿಣದ ಯೆಹೂದ ರಾಜ್ಯ ಇದರಿಂದ ಪಾಠ ಕಲಿಯಬೇಕಾಗಿತ್ತು. ಆದರೆ ಕ್ರಿ.ಪೂ. 701ರಲ್ಲಿ ಅದೇ ಅಸ್ಸೀರಿಯರು ಜೆರುಸಲೇಮನ್ನು ಮುತ್ತಿ, ವಶಪಡಿಸಿಕೊಳ್ಳಲಾರದೆ ಹಿಂದಿರುಗಿದರು. ಸರ್ವೇಶ್ವರನ ಆಲಯವಿರುವ ನಗರಕ್ಕೆ ಎಂದೂ ಅಳಿವಿಲ್ಲವೆಂಬ ನಂಬಿಕೆ ಅಂದಿನಿಂದ ಜನರಲ್ಲಿ ಬೇರೂರಿತು.

ಈ ನಂಬಿಕೆಯನ್ನೇ ಅನಾತೋತಿನ ಯಾಜಕ ಮನೆತನದ ಯೆರೆಮೀಯನು ಪ್ರಶ್ನಿಸಿದನು. ಯೆಹೋಯಾಕೀಮನು ಪಟ್ಟಕ್ಕೆ ಬಂದ ಆರಂಭದಲ್ಲಿ, ಎಂದರೆ ಕ್ರಿ.ಪೂ. 609ರ ಸುಮಾರಿಗೆ, ಆತನು ಆಲಯದ ಅಂಗಳದಲ್ಲಿ ನಿಂತು ಮಾತನಾಡಿದನು. ಸೊಲೊಮೋನನು ಕಟ್ಟಿಸಿದ ಆ ಆಲಯಕ್ಕೆ ಆಗ ಮುನ್ನೂರು ವರ್ಷಗಳಿಗೂ ಮಿಕ್ಕ ವಯಸ್ಸು. ವಿಧವೆಯರನ್ನೂ ಅನಾಥರನ್ನೂ ಪರದೇಶಿಗಳನ್ನೂ ಪೀಡಿಸಿ, ಕದ್ದು, ಕೊಂದು, ಸುಳ್ಳಾಣೆಯಿಟ್ಟು, ಬಳಿಕ ಆಲಯದೊಳಗೆ ಬಂದು ತಾವು ಸುರಕ್ಷಿತರೆಂದು ಭಾವಿಸಬೇಡಿರಿ. ನಡತೆಯನ್ನು ತಿದ್ದಿಕೊಂಡರೆ ಉಳಿಯುವಿರಿ, ಇಲ್ಲವಾದರೆ ಹಿಂದೆ ಶಿಲೋವಿನ ಪವಿತ್ರಸ್ಥಾನಕ್ಕಾದ ಗತಿ ಇದಕ್ಕೂ ಆಗುವುದು ಎಂಬುದೇ ಆ ಉಪದೇಶದ ಸಾರ.

ಕೇಳಿದ ಯಾಜಕರು ಆತನಿಗೆ ಮರಣದಂಡನೆಯಾಗಬೇಕೆಂದರು. ಹಿರಿಯರಲ್ಲಿ ಕೆಲವರು ಎದ್ದು, ನೂರು ವರ್ಷಗಳ ಹಿಂದೆ ಮೀಕನೂ ಹೀಗೆಯೇ ಎಚ್ಚರಿಸಿದ್ದನ್ನೂ, ಅರಸ ಹಿಜ್ಕೀಯನು ಆತನನ್ನು ಕೊಲ್ಲದೆ ದೇವರಿಗೆ ಅಂಜಿ ನಡೆದುದನ್ನೂ ನೆನಪಿಸಿದರು. ಯೆರೆಮೀಯನ ಪ್ರಾಣ ಉಳಿಯಿತು. ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಆತನ ಪ್ರವಾದನೆಗಳ ಸುರುಳಿಯನ್ನು ಯೆಹೋಯಾಕೀಮನು ತುಂಡುತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕಿದನು. ಪ್ರವಾದಿಯು ಬಾರೂಕನಿಂದ ಅದನ್ನು ಮತ್ತೆ ಬರೆಯಿಸಿದನು.

ಮುಂದಿನದನ್ನು ಇತಿಹಾಸವೇ ಬರೆಯಿತು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ನಗರವನ್ನು ಹಿಡಿದು, ಎಳೆಯ ಅರಸ ಯೆಹೋಯಾಕೀನನನ್ನು ಸೆರೆಯೊಯ್ದನು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬಾಬಿಲೋನಿಯದ ಮಣ್ಣಿನ ಹಲಗೆಯೊಂದು ಈ ಘಟನೆಯನ್ನು ದಾಖಲಿಸಿದೆ. ಸೆರೆಯಲ್ಲಿದ್ದ ಅದೇ ಅರಸನಿಗೂ ಅವನ ಮಕ್ಕಳಿಗೂ ಎಣ್ಣೆ ಅಳೆದುಕೊಟ್ಟ ಲೆಕ್ಕದ ಹಲಗೆಗಳೂ ಬಾಬಿಲೋನಿನಲ್ಲಿ ದೊರೆತಿವೆ. ಚಿದ್ಕೀಯನ ದಂಗೆಯ ಬಳಿಕ ಎರಡನೆಯ ಮುತ್ತಿಗೆಯಾಯಿತು. ಕ್ರಿ.ಪೂ. 587 ಅಥವಾ 586ರಲ್ಲಿ ನಗರ ಬಿದ್ದು, ಆಲಯ ಸುಟ್ಟುಹೋಯಿತು. ಲಾಕೀಷ್ ಮತ್ತು ಅಜೇಕ ಎಂಬ ಎರಡೇ ಕೋಟೆಗಳು ಉಳಿದಿದ್ದುವೆಂದು ಯೆರೆಮೀಯನ ಗ್ರಂಥ ಹೇಳುತ್ತದೆ. 1935ರಲ್ಲಿ ಲಾಕೀಷಿನ ಅವಶೇಷಗಳಲ್ಲಿ ಸಿಕ್ಕಿದ ಮಡಕೆಚೂರುಗಳ ಪತ್ರಗಳಲ್ಲಿ ಅವೆರಡರ ಹೆಸರೂ ಇವೆ.

ಮುತ್ತಿಗೆಯ ನಡುವೆ, ತಾನೇ ಕಾವಲಿನಲ್ಲಿದ್ದಾಗ, ಯೆರೆಮೀಯನು ಅನಾತೋತಿನ ಹೊಲವೊಂದನ್ನು ಹದಿನೇಳು ಬೆಳ್ಳಿ ನಾಣ್ಯದ ತೂಕಕ್ಕೆ ಕೊಂಡು, ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಭದ್ರವಾಗಿ ಇರಿಸಿದನು. ಶತ್ರುವಿನ ಪಾಲಾಗಲಿರುವ ನೆಲವನ್ನು ಯಾರಾದರೂ ಕೊಳ್ಳುವರೇ? ದಂಡನೆಯೇ ದೇವರ ಕೊನೆಯ ಮಾತಲ್ಲವೆಂಬುದಕ್ಕೆ ಆ ಕ್ರಯಪತ್ರವೇ ಆಧಾರವಾಯಿತು. ಕ್ರಿ.ಪೂ. 539ರಲ್ಲಿ ಪರ್ಶಿಯದ ಸೈರಸನು ಬಾಬಿಲೋನನ್ನು ಗೆದ್ದನು. ಮರುವರ್ಷ ಯೆಹೂದ್ಯರಿಗೆ ತಾಯ್ನಾಡಿಗೆ ಮರಳಲು ಅನುಮತಿ ದೊರೆಯಿತು. ಕ್ರಿ.ಪೂ. 515ರಲ್ಲಿ ಎರಡನೆಯ ಆಲಯ ಪೂರ್ಣಗೊಂಡಿತು.

ಶತಮಾನಗಳ ಬಳಿಕ ಯೇಸುಸ್ವಾಮಿ ಆ ಆಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟುವಾಗ ನೆನೆದದ್ದು ಯೆರೆಮೀಯನ ಮಾತುಗಳನ್ನೇ. ಜೆರುಸಲೇಮಿಗಾಗಿ ಅವರು ಕಣ್ಣೀರಿಟ್ಟರು. ಕ್ರಿ.ಶ. 70ರಲ್ಲಿ ತೀತನ ರೋಮನ್ ಸೈನ್ಯ ಆ ಆಲಯವನ್ನೂ ನಾಶಮಾಡಿತು. ಕೊಳ್ಳೆಹೊಡೆದ ಏಳು ಕವಲಿನ ದೀಪಸ್ತಂಭದ ಚಿತ್ರ ಇಂದಿಗೂ ರೋಮಿನಲ್ಲಿ ತೀತನ ವಿಜಯದ್ವಾರದ ಮೇಲಿದೆ. ಆದರೆ ಇದನ್ನೋದಿ ನಾವು ಯೆಹೂದ್ಯರತ್ತ ಬೆರಳು ತೋರಿಸಲಾಗದು. ಅವರನ್ನು ದೇವರು ತೊರೆದ ಅಥವಾ ಶಪಿಸಿದ ಜನರೆಂದು ಬಿಂಬಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿದೆ. ಪ್ರವಾದಿಯು ಗದರಿಸಿದುದು ತನ್ನ ಸ್ವಂತ ಜನರನ್ನು, ಅವರಿಗಾಗಿ ಅಳುತ್ತಲೇ. ಆ ಮಾತನ್ನು ನಾವೂ ನಮಗೇ ಹೇಳಿದ್ದೆಂದು ಕೇಳಬೇಕು.

ನಮ್ಮ ಹಿರಿಯರು ಕಟ್ಟಿದ ಈ ಆಲಯಕ್ಕೆ ಸುಣ್ಣಬಣ್ಣ ಬಳಿದಿದ್ದೇವೆ, ತೋರಣ ಕಟ್ಟಿದ್ದೇವೆ. ಇದರ ಬಾಗಿಲಲ್ಲಿ ವಿಧವೆಗೆ, ಅನಾಥನಿಗೆ, ಕೆಲಸ ಹುಡುಕಿ ಬಂದ ಪರವೂರಿನವನಿಗೆ ಎಂಥ ಸ್ವಾಗತ ದೊರೆಯುತ್ತಿದೆ? ಬಲಿಪೂಜೆ ಮುಗಿಸಿ ಹೊರಟ ನಮ್ಮ ತಕ್ಕಡಿ, ನಮ್ಮ ಕೂಲಿಯ ಲೆಕ್ಕ ನೇರವಾಗಿದೆಯೇ? ಎರಡನೆಯ ನೂರು ವರ್ಷಗಳಿಗೆ ಕಾಲಿಡುವ ಮೊದಲು ಈ ಪ್ರಶ್ನೆಗಳನ್ನು ನಾವು ಪ್ರಾರ್ಥನೆಯಲ್ಲಿ ಕೇಳಿಕೊಳ್ಳೋಣ.